ಅಕ್ಕನ ಹೆಸರಿನಲ್ಲಿ ನಾನು ಕಳಿಸಿದ ಉತ್ತರ

ಪ್ರಶ್ನೆ: ನನ್ನ ಅಕ್ಕ ಸಾಮಾಜಿಕ ಜಾಲತಾಣದಲ್ಲಿ ಸಾಕಷ್ಟು ಹೆಸರು ಮಾಡಿರುವ ಇನ್‌ಫ್ಲುಯೆನ್ಸರ್. ಅವಳ ವಿಡಿಯೊಗಳನ್ನು ಎಡಿಟ್ ಮಾಡುವುದು, ಬರುವ ಮೆಸೇಜ್‌ಗಳಿಗೆ ಅವಳ ಹೆಸರಿನಲ್ಲೇ ಉತ್ತರಿಸುವುದು ನನ್ನ ಕೆಲಸ. ಅದಕ್ಕೆ ಸಂಬಳವನ್ನೂ ಕೊಡುತ್ತಾಳೆ. ಕಳೆದ ವರ್ಷ ಥೈರಾಯ್ಡ್ ಹೆಚ್ಚಾಗಿ ಅವಳು ತುಂಬ ಸಣ್ಣಗಾದಳು. ಕಾಯಿಲೆಯ ವಿಷಯ ಯಾರಿಗೂ ತಿಳಿಯುವುದು ಬೇಡವೆಂದಳು. ಎಲ್ಲರೂ ‘ಹೇಗೆ ಸಣ್ಣಗಾದಿರಿ’ ಎಂದು ಕೇಳತೊಡಗಿದಾಗ, ತೂಕ ಇಳಿಸುವ ಪುಡಿ ಮಾರುವ ಕಂಪನಿಯೊಂದರ ಜೊತೆ ಒಪ್ಪಂದ ಮಾಡಿಕೊಂಡು, ಅದರಿಂದಲೇ ಸಣ್ಣಗಾದೆ ಎಂದು ವಿಡಿಯೊ ಮಾಡಿದಳು. ಆ ಪುಡಿಯನ್ನು ಅವಳು ಒಂದು ದಿನವೂ ಕುಡಿದಿಲ್ಲ. ಈಚೆಗೆ ಒಬ್ಬರು ‘ಸಕ್ಕರೆ ಕಾಯಿಲೆಯ ಮಾತ್ರೆ ಬಿಟ್ಟು ಈ ಪುಡಿ ತೆಗೆದುಕೊಳ್ಳುತ್ತಿದ್ದೇನೆ, ನಿಮ್ಮನ್ನು ನೋಡಿಯೇ ಧೈರ್ಯ ಬಂತು’ ಎಂದು ಬರೆದಿದ್ದರು. ನಾನು ಪೂರ್ತಿ ಓದದೆ ‘ಹೀಗೇ ಮುಂದುವರಿಸಿ’ ಎಂಬ ಸಿದ್ಧ ಉತ್ತರದ ಜೊತೆ ಹೃದಯದ ಚಿಹ್ನೆ ಕಳಿಸಿಬಿಟ್ಟೆ. ಅಕ್ಕನಿಗೆ ಹೇಳಿದರೆ ‘ಜಾಹೀರಾತು ಎಂದು ಹಾಕಿದ್ದೇನಲ್ಲ, ನಂಬುವುದು ಬಿಡುವುದು ಅವರಿಗೆ ಸೇರಿದ್ದು’ ಎನ್ನುತ್ತಾಳೆ. ಈಗ ಚಿಕಿತ್ಸೆಯಿಂದ ಅವಳ ತೂಕ ಮತ್ತೆ ಹೆಚ್ಚುತ್ತಿರುವುದರಿಂದ ಹಳೆಯ ವಿಡಿಯೊಗಳನ್ನೇ ಹೊಸದೆಂಬಂತೆ ಹಾಕುತ್ತಿದ್ದೇವೆ. ಬೇರೆ ಹೆಸರಿನ ಖಾತೆ ತೆರೆದು ಎಲ್ಲವನ್ನೂ ಬಯಲಿಗೆಳೆಯಲೇ, ಕೆಲಸ ಬಿಡಲೇ, ಇಲ್ಲವೇ ಇದು ಅವಳ ವ್ಯವಹಾರವೆಂದು ಸುಮ್ಮನಿರಲೇ?
— ಹೆಸರು ಬೇಡ

ಉತ್ತರ: ನೀವು ಕೇಳಿರುವ ಮೂರು ಪ್ರಶ್ನೆಗಳಲ್ಲಿ ಯಾವುದೂ ಇವತ್ತಿನದಲ್ಲ. ಮಾತ್ರೆ ಬಿಟ್ಟಿರುವ ಆ ವ್ಯಕ್ತಿಗೆ ಮೊದಲು ಬರೆಯಿರಿ. ಉಳಿದದ್ದನ್ನು ಆಮೇಲೆ ಯೋಚಿಸೋಣ. ಸಕ್ಕರೆ ಕಾಯಿಲೆಯ ಔಷಧಿ ನಿಲ್ಲಿಸಿದವರಿಗೆ ರಕ್ತದಲ್ಲಿ ಸಕ್ಕರೆ ಏರುತ್ತಿದ್ದರೂ ಕೆಲವು ಕಾಲ ಏನೂ ಆಗಿಲ್ಲವೆಂದೇ ಅನ್ನಿಸಬಹುದು, ಮತ್ತು ಏನೂ ಆಗಿಲ್ಲವೆಂಬ ಆ ನೆಮ್ಮದಿಯನ್ನೇ ಅವರು ಪುಡಿಯ ಗುಣವೆಂದು ಭಾವಿಸುವ ಅಪಾಯವಿದೆ. ಬರೆಯುವಾಗ ಸುತ್ತಿ ಬಳಸಿ ಹೇಳಬೇಡಿ. ‘ಈ ಖಾತೆಯ ಮೆಸೇಜ್‌ಗಳನ್ನು ನೋಡಿಕೊಳ್ಳುವವಳು ನಾನು. ಹಿಂದಿನ ಉತ್ತರ ನಾನೇ ಕಳಿಸಿದ್ದು, ಅದು ತಪ್ಪು. ವಿಡಿಯೊದಲ್ಲಿ ಕಂಡ ತೂಕದ ಇಳಿಕೆಗೆ ಈ ಪುಡಿ ಕಾರಣವಲ್ಲ. ದಯವಿಟ್ಟು ಇವತ್ತೇ ನಿಮ್ಮ ವೈದ್ಯರನ್ನು ಕಂಡು, ಮಾತ್ರೆ ನಿಲ್ಲಿಸಿದ್ದನ್ನೂ ಪುಡಿ ತೆಗೆದುಕೊಳ್ಳುತ್ತಿರುವುದನ್ನೂ ತಿಳಿಸಿ’ ಎಂದಷ್ಟು ಬರೆದರೆ ಸಾಕು. ಅವರು ನೋಡಿದಂತೆ ಕಾಣದಿದ್ದರೆ ಮತ್ತೆ ಕಳಿಸಿ, ಅವರ ಖಾತೆಯಲ್ಲಿ ಬೇರೆ ಸಂಪರ್ಕವೇನಾದರೂ ಇದ್ದರೆ ಅದರ ಮೂಲಕವೂ ಪ್ರಯತ್ನಿಸಿ. ಈ ಮೆಸೇಜ್ ಕಳಿಸಲು ಅಕ್ಕನ ಅನುಮತಿ ಬೇಕಿಲ್ಲ; ಕಳಿಸಿದ್ದೇನೆಂದು ಅವಳಿಗೆ ಹೇಳಿದರಾಯಿತು. ನಾನು ಬರೆದುಕೊಟ್ಟ ಸಾಲುಗಳಲ್ಲಿ ಅವಳ ಕಾಯಿಲೆಯ ಮಾತು ಎಲ್ಲಿಯೂ ಇಲ್ಲ ಎಂಬುದನ್ನೂ ಗಮನಿಸಿ.

ಆ ಮಾತನ್ನು ಬೇಕೆಂದೇ ಬಿಟ್ಟಿದ್ದೇನೆ, ಏಕೆಂದರೆ ನಿಮ್ಮ ಪತ್ರದಲ್ಲಿ ಎರಡು ವಿಷಯಗಳು ಒಂದರೊಳಗೊಂದು ಹೆಣೆದುಕೊಂಡಿವೆ. ಕಾಯಿಲೆಯನ್ನು ಗುಟ್ಟಾಗಿ ಇಡುವ ಹಕ್ಕು ನಿಮ್ಮ ಅಕ್ಕನಿಗೆ ಸಂಪೂರ್ಣವಾಗಿ ಇದೆ. ದಿನವೂ ಕ್ಯಾಮೆರಾದ ಮುಂದೆ ನಿಲ್ಲುತ್ತಾಳೆಂಬ ಕಾರಣಕ್ಕೆ ಅವಳ ರಕ್ತಪರೀಕ್ಷೆಯ ವರದಿ ಸಾರ್ವಜನಿಕರದ್ದಾಗುವುದಿಲ್ಲ, ಮತ್ತು ಹೆಣ್ಣೊಬ್ಬಳ ಮೈ ಹಿಗ್ಗಿತೋ ಕುಗ್ಗಿತೋ ಎಂದು ಅಪರಿಚಿತರು ಲೆಕ್ಕ ಕೇಳುವುದನ್ನೇ ನಾವು ಸಹಜವೆಂದು ಒಪ್ಪಿಕೊಂಡಿದ್ದೇವೆಂಬುದು ನನಗೆ ಬೇಸರದ ಸಂಗತಿ. ‘ಅದು ನನ್ನ ಖಾಸಗಿ ವಿಷಯ’ ಎಂದು ಅವಳು ಒಂದು ಸಾಲಿನಲ್ಲಿ ಹೇಳಿ ಮುಗಿಸಬಹುದಿತ್ತು, ಅಥವಾ ಏನನ್ನೂ ಹೇಳದೆಯೂ ಇರಬಹುದಿತ್ತು. ಅವಳು ಹಾಗೆ ಮಾಡದೆ, ಕಾಯಿಲೆಯಿಂದ ಆದದ್ದನ್ನು ಪುಡಿಯ ಫಲವೆಂದು ಮಾರಿದಳು, ಆಕ್ಷೇಪಿಸಬೇಕಾದದ್ದು ಇದೊಂದನ್ನೇ. ನೀವು ಅವಳ ಜೊತೆ ಮಾತಿಗೆ ಕೂತಾಗ ಈ ಗೆರೆಯನ್ನು ಸ್ಪಷ್ಟವಾಗಿ ಎಳೆದರೆ, ನೀವು ಕಸಿದುಕೊಳ್ಳಲು ಬಂದಿರುವುದು ತನ್ನ ಗುಟ್ಟನ್ನಲ್ಲ ಎಂದು ಅವಳಿಗೆ ಅರ್ಥವಾದೀತು.

‘ಜಾಹೀರಾತು ಎಂದು ಹಾಕಿದ್ದೇನಲ್ಲ’ ಎಂಬ ಅವಳ ವಾದವನ್ನು ಹಗುರವಾಗಿ ತಳ್ಳಿಹಾಕಬೇಡಿ, ಏಕೆಂದರೆ ಆ ಪಟ್ಟಿಯನ್ನೂ ಹಾಕದೆ ಹಣ ಪಡೆಯುವವರು ಬೇಕಾದಷ್ಟಿದ್ದಾರೆ. ಆದರೆ ಹಣ ಪಡೆದಿದ್ದೇನೆ ಎಂಬುದನ್ನು ಮಾತ್ರ ಆ ಪಟ್ಟಿ ಹೇಳುತ್ತದೆ. ಹೇಳುತ್ತಿರುವುದು ನಿಜವೇ ಎಂಬ ಪ್ರಶ್ನೆ ಹಾಗೆಯೇ ಉಳಿಯುತ್ತದೆ. ಅಮೆರಿಕದಲ್ಲಿ ಗ್ರಾಹಕರ ಹಿತ ಕಾಯುವ ಸರ್ಕಾರಿ ಸಂಸ್ಥೆಯಾದ ಫೆಡರಲ್ ಟ್ರೇಡ್ ಕಮಿಷನ್ 2019ರಲ್ಲಿ ಇನ್‌ಫ್ಲುಯೆನ್ಸರ್‌ಗಳಿಗಾಗಿ ಹೊರತಂದ ಕಿರುಹೊತ್ತಗೆಯಲ್ಲಿ, ಕಂಪನಿಯ ಜೊತೆಗಿನ ಸಂಬಂಧವನ್ನು ಎದ್ದು ಕಾಣುವಂತೆ ಬಹಿರಂಗಪಡಿಸಬೇಕೆನ್ನುವುದರ ಜೊತೆಗೆ, ತಾವು ಬಳಸಿಯೇ ಇಲ್ಲದ ವಸ್ತುವಿನ ಅನುಭವವನ್ನು ಹೇಳುವಂತಿಲ್ಲ ಎಂಬ ಮಾತೂ ಇದೆ. ಫ್ರಾನ್ಸ್ 2023ರ ಜೂನ್‌ನಲ್ಲಿ ಜಾರಿಗೊಳಿಸಿದ ಕಾನೂನು ಇನ್ನೂ ಮುಂದೆ ಹೋಗಿ, ವೈದ್ಯಕೀಯ ಚಿಕಿತ್ಸೆಗಿಂತ ಮೇಲೆಂದೋ ಅದರ ಬದಲಿಗೆ ಬಳಸಬಹುದೆಂದೋ ತೋರಿಸಿ ವಸ್ತುಗಳನ್ನು ಪ್ರಚಾರ ಮಾಡುವುದನ್ನೇ ಇನ್‌ಫ್ಲುಯೆನ್ಸರ್‌ಗಳಿಗೆ ನಿಷೇಧಿಸಿದೆ. ನೀವು ಇರುವ ಕಡೆಯ ನಿಯಮ ಏನೇ ಇರಲಿ, ನಿಮ್ಮ ಅಕ್ಕನ ವಿಡಿಯೊ ಮುರಿದಿರುವುದು ಇಂಥ ನಿಯಮಗಳ ಹಿಂದಿರುವ ವಿವೇಕವನ್ನು.

ಆಸ್ಟ್ರೇಲಿಯಾದ ಬೆಲ್ ಗಿಬ್ಸನ್ ಪ್ರಕರಣ ನಿಮಗೆ ನೆನಪಿರಬಹುದು. ಮಿದುಳಿನ ಕ್ಯಾನ್ಸರನ್ನು ಆಹಾರಕ್ರಮದಿಂದಲೇ ಎದುರಿಸುತ್ತಿದ್ದೇನೆ ಎಂದು ಹೇಳಿಕೊಂಡು ಆಕೆ ಆ್ಯಪ್ ಮತ್ತು ಅಡುಗೆ ಪುಸ್ತಕ ಮಾರಿದ್ದಳು. ಕ್ಯಾನ್ಸರ್ ಇರಲೇ ಇಲ್ಲವೆಂದು 2015ರಲ್ಲಿ ಒಪ್ಪಿಕೊಂಡಳು, ಜನರನ್ನು ದಾರಿತಪ್ಪಿಸಿದ್ದಕ್ಕೆ 2017ರಲ್ಲಿ ನ್ಯಾಯಾಲಯ 4.10 ಲಕ್ಷ ಆಸ್ಟ್ರೇಲಿಯನ್ ಡಾಲರ್ ದಂಡ ವಿಧಿಸಿತು. ನಿಮ್ಮ ಅಕ್ಕನನ್ನು ಆಕೆಯ ಸಾಲಿನಲ್ಲಿ ನಿಲ್ಲಿಸುವ ಉದ್ದೇಶ ನನಗಿಲ್ಲ. ಅಲ್ಲಿ ಇಲ್ಲದ ಕಾಯಿಲೆಯಿತ್ತು, ಇಲ್ಲಿ ಇರುವ ಕಾಯಿಲೆ ಮರೆಯಾಗಿದೆ, ನಿಮ್ಮ ಅಕ್ಕ ನಿಜವಾಗಿ ಬಳಲಿದವಳು. ಆದರೆ ನೋಡುವವರ ಪಾಲಿಗೆ ಎರಡೂ ಕಡೆ ಉಳಿಯುವುದು ಔಷಧಿಯ ಜಾಗದಲ್ಲಿ ಇನ್ನೇನನ್ನೋ ಇಡಬಹುದೆಂಬ ಒಂದೇ ಸುಳಿವು.

ಇನ್ನು ನಿಮ್ಮ ಪಾಲು. ಪತ್ರದಲ್ಲಿ ಅಕ್ಕನ ಸುಳ್ಳಿಗೆ ಕೊಟ್ಟಷ್ಟು ಜಾಗವನ್ನು ಅವಳ ಹೆಸರಿನಲ್ಲಿ ನೀವು ಕೊಡುವ ಉತ್ತರಗಳಿಗೆ ಕೊಟ್ಟಿಲ್ಲ. ನನಗೆ ಹೆಚ್ಚು ಕಾಡಿದ್ದು ಅದೇ. 1956ರಲ್ಲಿ ಡೊನಾಲ್ಡ್ ಹಾರ್ಟನ್ ಮತ್ತು ರಿಚರ್ಡ್ ವೋಲ್ ಎಂಬ ಇಬ್ಬರು ವಿದ್ವಾಂಸರು, ಟಿವಿಯಲ್ಲಿ ದಿನವೂ ಕಾಣುವ ವ್ಯಕ್ತಿಯನ್ನು ವೀಕ್ಷಕರು ತಮ್ಮ ಆಪ್ತರೆಂದೇ ಭಾವಿಸತೊಡಗುವ ಒಮ್ಮುಖ ಸಂಬಂಧದ ಬಗ್ಗೆ ಬರೆದಿದ್ದರು. ಆಗ ಪರದೆಯ ಮೇಲಿನವರು ಮರಳಿ ಮಾತನಾಡುತ್ತಿರಲಿಲ್ಲ, ಆದ್ದರಿಂದ ಎಂದೋ ಒಂದು ದಿನ ಆ ಆಪ್ತತೆ ಕಲ್ಪಿತವೆಂದು ತಿಳಿಯಲು ಅವಕಾಶವಿತ್ತು. ಈಗ ಉತ್ತರ ಬರುತ್ತದೆ, ಹೃದಯದ ಚಿಹ್ನೆಯೂ ಬರುತ್ತದೆ. ಆ ವ್ಯಕ್ತಿ ವಿಡಿಯೊ ನೋಡಿ ಅರ್ಧ ನಂಬಿದ್ದಿರಬಹುದು. ಮಾತ್ರೆ ಬಿಟ್ಟಿದ್ದೇನೆಂದು ಹೇಳಿಕೊಂಡ ಮೇಲೂ ‘ಹೀಗೇ ಮುಂದುವರಿಸಿ’ ಎಂದು ಬಂದಾಗ ಉಳಿದರ್ಧ ನಂಬಿಕೆ ತುಂಬಿದ್ದು ನಿಮ್ಮಿಂದ. ನಿಮ್ಮನ್ನು ಹಳಿಯಲು ಇದನ್ನು ಹೇಳುತ್ತಿಲ್ಲ. ‘ಇದು ಅವಳ ವ್ಯವಹಾರ’ ಎಂದು ಪಕ್ಕಕ್ಕೆ ಸರಿಯುವ ದಾರಿ ನಿಮಗೆ ಏಕೆ ತೆರೆದಿಲ್ಲವೆಂಬುದಕ್ಕೆ ಕಾರಣ ಇಷ್ಟೇ.

ಬೇರೆ ಹೆಸರಿನ ಖಾತೆಯಿಂದ ಬಯಲಿಗೆಳೆಯುವ ಯೋಚನೆಯನ್ನು ಬಿಟ್ಟುಬಿಡಿ. ಆ ದಾರಿಯಲ್ಲಿ ಮೊದಲು ಹೊರಬೀಳುವುದೇ ಅಕ್ಕನ ಕಾಯಿಲೆ. ಒಂದು ವಾರ ಜನ ಅವಳನ್ನು ಹರಿದು ಹಂಚಿಕೊಳ್ಳುತ್ತಾರೆ, ಆ ಗದ್ದಲದಲ್ಲಿ ಪುಡಿಯ ವಿಷಯ ಹಿಂದೆ ಸರಿಯುತ್ತದೆ, ನೀವು ಮತ್ತೊಮ್ಮೆ ನಿಮ್ಮದಲ್ಲದ ಹೆಸರಿನಲ್ಲಿ ಬರೆದವರಾಗುತ್ತೀರಿ.

ಅಕ್ಕನ ಬಳಿ ಕೂತಾಗ ನೀತಿಯ ಪಾಠದಿಂದ ಆರಂಭಿಸಬೇಡಿ, ಆ ಮೆಸೇಜನ್ನು ಮೊದಲಿನಿಂದ ಕೊನೆಯವರೆಗೆ ಅವಳೇ ಓದುವಂತೆ ಮಾಡಿ. ನೀವು ಹೇಳಿದ ಸಾರಾಂಶವನ್ನು ಮಾತ್ರ ಕೇಳಿ ಅವಳು ‘ನಂಬುವುದು ಬಿಡುವುದು ಅವರಿಗೆ ಸೇರಿದ್ದು’ ಎಂದಿರಲೂಬಹುದು. ಆಮೇಲೆ ಕೇಳಬೇಕಾದದ್ದು ನಿರ್ದಿಷ್ಟವಾಗಿರಲಿ. ಪುಡಿಯ ವಿಡಿಯೊಗಳನ್ನು ತೆಗೆಯಬೇಕು, ಆದರೆ ಸದ್ದಿಲ್ಲದೆ ಡಿಲೀಟ್ ಮಾಡಿದರೆ ಆಗಲೇ ನೋಡಿ ನಂಬಿದವರಿಗೆ ಅದು ತಿಳಿಯುವುದೇ ಇಲ್ಲ. ಒಬ್ಬರು ಬರೆದು ತಿಳಿಸಿದ್ದಾರೆ, ಬರೆಯದೆ ಮಾತ್ರೆ ಬಿಟ್ಟವರೂ ಇರಬಹುದು. ಆದ್ದರಿಂದ ಆ ವಿಡಿಯೊಗಳು ತಲುಪಿದ ಕಡೆಗೇ ಅವಳ ಮುಖ, ಅವಳ ದನಿಯಲ್ಲಿ ಇನ್ನೊಂದು ವಿಡಿಯೊ ಹೋಗಬೇಕು: ‘ನನ್ನ ತೂಕ ಇಳಿದದ್ದು ಈ ಪುಡಿಯಿಂದಲ್ಲ, ಕಾರಣ ಖಾಸಗಿ, ವೈದ್ಯರು ಕೊಟ್ಟ ಔಷಧಿಯನ್ನು ಯಾರೂ ಬಿಡಬೇಡಿ.’ ಅದನ್ನು ಒಂದು ದಿನದಲ್ಲಿ ಮಾಯವಾಗುವ ಸ್ಟೋರಿಯಾಗಿ ಹಾಕುವುದು ಸಾಲದು. ಕಂಪನಿಯ ಜೊತೆಗಿನ ಕರಾರು ಅವಳನ್ನು ಹೆದರಿಸಬಹುದು, ಹಣ ಹಿಂದಿರುಗಿಸಬೇಕಾಗಿಯೂ ಬರಬಹುದು. ವಿಡಿಯೊ ಹಾಕುವ ಮೊದಲು ಕರಾರನ್ನು ಒಬ್ಬ ವಕೀಲರಿಗೆ ತೋರಿಸಿ. ಆದರೆ ವಕೀಲರ ಉತ್ತರ ಬರಲಿ ಎಂದು ತಿಂಗಳುಗಟ್ಟಲೆ ಕಾಯುವ ನೆಪ ಅದಾಗದಿರಲಿ. ಫಾಲೋವರ್‌ಗಳು ಕಡಿಮೆಯಾಗುತ್ತಾರೆಯೇ ಎಂದರೆ, ಆಗಬಹುದು.

ನಿಮ್ಮ ಪತ್ರದ ಇನ್ನೊಂದು ಸಾಲಿನ ಬಳಿ ನಾನು ಹೆಚ್ಚು ಹೊತ್ತು ನಿಂತೆ. ಥೈರಾಯ್ಡ್ ಗ್ರಂಥಿಯ ಅತಿ ಚಟುವಟಿಕೆಯಿಂದ ಇಳಿದ ತೂಕ, ಚಿಕಿತ್ಸೆ ಫಲಿಸಿದಂತೆ ಮರಳುವುದು ಸಾಮಾನ್ಯ. ಅಂದರೆ ಗುಣವಾಗುತ್ತಿರುವ ಅಕ್ಕನ ದೇಹವೇ ಅವಳ ಜಾಹೀರಾತನ್ನು ಸುಳ್ಳು ಮಾಡುತ್ತಿದೆ, ಅವಳು ಹಳೆಯ ವಿಡಿಯೊಗಳ ಹಿಂದೆ ಅಡಗಿಕೊಂಡಿದ್ದಾಳೆ. ಈ ಇಕ್ಕಟ್ಟಿನಲ್ಲಿ ಇರುವವರಿಗೆ ತಮ್ಮದೇ ಮಾತ್ರೆಯನ್ನು ಒಂದು ದಿನ ತಪ್ಪಿಸಿದರೇನು ಎಂಬ ಆಲೋಚನೆ ಬಾರದೆ ಇರುವುದಿಲ್ಲ. ಆ ಕಾಯಿಲೆಯನ್ನು ಚಿಕಿತ್ಸೆಯಿಲ್ಲದೆ ಬಿಟ್ಟರೆ ಹೃದಯಕ್ಕೂ ಪೆಟ್ಟು ಬೀಳುತ್ತದೆ. ಆದ್ದರಿಂದ ವಿಡಿಯೊ, ಕರಾರು ಇವುಗಳ ಮಾತಿಗೆ ಮುಂಚೆ ‘ಮಾತ್ರೆ ಸರಿಯಾಗಿ ತೆಗೆದುಕೊಳ್ಳುತ್ತಿದ್ದೀಯಾ ಅಕ್ಕಾ’ ಎಂದು ಕೇಳಿ. ಇಲ್ಲವೆಂಬ ಅನುಮಾನ ಬಂದರೆ ಅವತ್ತಿನ ಮಾತು ಅದರ ಬಗ್ಗೆಯೇ ಆಗಲಿ, ಮುಂದಿನ ಭೇಟಿಗೆ ಅವಳ ಜೊತೆ ವೈದ್ಯರಲ್ಲಿಗೆ ನೀವೂ ಹೋಗಿ.

ಕೆಲಸ ಬಿಡುವುದು ಕೊನೆಯ ಹೆಜ್ಜೆ. ಅದಕ್ಕೆ ಮೊದಲು, ಆ ವಿಡಿಯೊಗಳನ್ನು ಮತ್ತೆ ಎಡಿಟ್ ಮಾಡಿ ಹಾಕುವುದನ್ನು ನಾಳೆಯಿಂದಲೇ ನಿಲ್ಲಿಸಿ, ಆರೋಗ್ಯದ ಪ್ರಸ್ತಾಪವಿರುವ ಯಾವ ಮೆಸೇಜ್‌ಗೂ ಸಿದ್ಧ ಉತ್ತರ ಕಳಿಸುವುದಿಲ್ಲವೆಂದು ಅಕ್ಕನಿಗೆ ತಿಳಿಸಿ, ಮೆಸೇಜ್‌ಗಳಿಗೆ ಇನ್ನೊಬ್ಬರು ಉತ್ತರಿಸುತ್ತಾರೆಂಬ ಸಾಲನ್ನು ಅವಳ ಪ್ರೊಫೈಲ್‌ನಲ್ಲಿ ಹಾಕುವಂತೆ ಹೇಳಿ. ಎಷ್ಟು ದಿನದೊಳಗೆ ತಿದ್ದುವ ವಿಡಿಯೊ ಬರಬೇಕೆಂದು ಇಬ್ಬರೂ ಕೂತು ಗೊತ್ತುಮಾಡಿಕೊಳ್ಳಿ. ಆ ದಿನ ದಾಟಿಯೂ ಅವಳು ಒಪ್ಪದಿದ್ದರೆ ಖಾತೆಯ ಪಾಸ್‌ವರ್ಡನ್ನು ಅವಳಿಗೆ ಒಪ್ಪಿಸಿ ಬೇರೆ ಕೆಲಸ ಹುಡುಕಿ, ತಂಗಿಯಾಗಿ ಮನೆಗೆ ಹೋಗಿಬರುವುದನ್ನು ಮಾತ್ರ ನಿಲ್ಲಿಸಬೇಡಿ.