ಬಾಗಿಲು ತೆಗೆದ್ರೆ ನಿಲ್ಲೋ ಸದ್ದು ಫ್ಯಾನಿಂದೇ

ಫ್ರೀಜರ್ ಬಾಗಿಲು ತೆಗೆದ ಕೂಡ್ಲೇ ಟರ್ರ್ ಅನ್ನೋ ಸದ್ದು ನಿಲ್ಲುತ್ತೆ, ಮುಚ್ಚಿದ್ರೆ ಮತ್ತೆ ಶುರುವಾಗುತ್ತೆ ಅಂದ್ರೆ ಅದು ಕಂಪ್ರೆಸರ್ ಅಲ್ಲ, ಒಳಗಿನ ಫ್ಯಾನೇ, ಯಾಕಂದ್ರೆ ಬಾಗಿಲು ತೆಗೆದಾಗ ಅಲ್ಲಿರೋ ಸ್ವಿಚ್ ಫ್ಯಾನನ್ನ ಆಫ್ ಮಾಡುತ್ತೆ. ಬಹಳ ಸಲ ಹಿಂದಿನ ಪ್ಯಾನೆಲ್ ಒಳಗೆ ಐಸ್ ಕಟ್ಟಿ ರೆಕ್ಕೆಗೆ ತಾಗ್ತಿರುತ್ತೆ.

ಪ್ಲಗ್ ತೆಗೆದು, ಒಳಗಿರೋದೆಲ್ಲ ಖಾಲಿ ಮಾಡಿ, ಬಾಗಿಲು ತೆರೆದು 24 ಗಂಟೆ ಬಿಡಿ, ಕೆಳಗೆ ಹಳೇ ಬಟ್ಟೆ ಹಾಸಿ, ನೀರು ಚೆನ್ನಾಗೇ ಇಳಿಯುತ್ತೆ. ದಯವಿಟ್ಟು ಚಾಕು ಹಾಕಿ ಐಸ್ ಕೆತ್ತಬೇಡಿ, ಒಳಗೆ ತಂಪು ಮಾಡೋ ಗ್ಯಾಸ್ ಹರಿಯೋ ಕಾಯಿಲ್ (ಪೈಪು) ತೂತಾದ್ರೆ ಗ್ಯಾಸೇ ಹೋಗುತ್ತೆ. ಸದ್ದು ಹೋಗಿ ಕೆಲ ದಿನಕ್ಕೆ ಮತ್ತೆ ಬಂದ್ರೆ ಐಸ್ ಕರಗಿಸೋ ಡಿಫ್ರಾಸ್ಟ್ ಹೀಟರ್, ಅದರ ಸೆನ್ಸರ್, ಬಾಗಿಲಿನ ರಬ್ಬರ್ ಚೆಕ್ ಮಾಡಿಸಿ. ಐಸ್ ಕರಗಿದ್ಮೇಲೂ ಕೀಂಯ್ ಅಂತಿದ್ರೆ ಫ್ಯಾನ್ ಮೋಟರ್ ಸವೆದಿರುತ್ತೆ, ಅದೊಂದನ್ನ ಬದಲಾಯಿಸಿದ್ರೆ ಸಾಕು.