ಕಾವಲು ಖಾಲಿ ಬಿದ್ದಿಲ್ಲ ಸ್ವಾಮಿ!

ಪ್ರಶ್ನೆ: ನಮ್ಮೂರ ಕಾವಲಿನಲ್ಲಿ ಬರೀ ಹುಲ್ಲಿದೆ. ಯುವಕ ಸಂಘದಿಂದ ಸಸಿ ನೆಡಬೇಕೆಂದಿದ್ದೇವೆ. ಉತ್ಪಾದಕಗಳು (ಬಿಸಿಲಿನಿಂದ ತಮ್ಮ ಆಹಾರ ತಾವೇ ತಯಾರಿಸುವ ಗಿಡಗಳು) ಹೆಚ್ಚಾದರೆ ಪ್ರಾಣಿಗಳಿಗೂ ಆಹಾರ ಹೆಚ್ಚುತ್ತದಲ್ಲವೇ?

ಉತ್ತರ: ಜೂನ್ ಬಂತೆಂದರೆ ಈ ಪ್ರಶ್ನೆಯೂ ಬಂತು. ಹೆಚ್ಚುವುದಿಲ್ಲ, ಇದ್ದದ್ದೂ ಹೋಗುತ್ತದೆ. ಅಲ್ಲಿನ ಉತ್ಪಾದಕ ಆ ‘ಬರೀ ಹುಲ್ಲೇ’. ಒಂದು ಹೊದರನ್ನು ಬುಡದಲ್ಲಿ ಬಿಡಿಸಿ ನೋಡಿ. ತೆನೆ ಬರುವವರೆಗೂ ಅದರ ಬೆಳೆಯುವ ಕುಡಿ ಮಣ್ಣಿನ ಮಟ್ಟದಲ್ಲೇ, ಎಲೆಗಳ ಸುತ್ತಿನೊಳಗೆ ಬೆಳ್ಳಗೆ ಅಡಗಿರುತ್ತದೆ. ಕುರಿಯೋ ಕೃಷ್ಣಮೃಗವೋ ಮೇಲಿನದನ್ನು ಮೇದರೂ ಅದಕ್ಕೆ ಪೆಟ್ಟಿಲ್ಲ, ಮತ್ತೆ ಚಿಗುರುತ್ತದೆ. ಸಸಿಯ ಕುಡಿ ಇರುವುದು ತುದಿಯಲ್ಲಿ. ಅದನ್ನು ಕಾಯಲು ನೀವು ಬೇಲಿ ಹಾಕುತ್ತೀರಿ, ಮೇಯುವವು ಹೊರಗುಳಿಯುತ್ತವೆ. ಮರವಾದ ಮೇಲೆ ನೆರಳು ಕವಿದು, ಬಿಸಿಲು ಬೇಡುವ ಹುಲ್ಲು ಸಾಯುತ್ತದೆ. ಹುಲ್ಲಿಲ್ಲದೆ ಮಿಡತೆ ಇಲ್ಲ. ಚಳಿಗಾಲಕ್ಕೆ ಮಧ್ಯ ಏಷ್ಯಾದಿಂದ ಬರುವ ‘ಸೆಳೆವ’ (ಹ್ಯಾರಿಯರ್) ಎಂಬ ಬೇಟೆ ಹಕ್ಕಿಗಳು ಹಗಲು ಆ ಮಿಡತೆಗಳನ್ನೇ ಹಿಡಿದು, ರಾತ್ರಿ ಹುಲ್ಲಿನ ನಡುವೆ ನೆಲದ ಮೇಲೇ ತಂಗುತ್ತವೆ. ಮರ ಕೊಟ್ಟರೆ ಅವು ಏರಿ ಕೂರುತ್ತವೆ ಎಂದುಕೊಳ್ಳಬೇಡಿ. ಕೃಷ್ಣಮೃಗವೂ ಅಷ್ಟೇ, ತೋಳವನ್ನು ದೂರದಿಂದಲೇ ಕಂಡು ಬಯಲಲ್ಲಿ ಓಡಿ ಬದುಕುವ ಪ್ರಾಣಿ.

ಬೇಕಿದ್ದರೆ ರಾಣೆಬೆನ್ನೂರಿಗೆ ಹೋಗಿ ಬನ್ನಿ. 1974ರಲ್ಲಿ ಕೃಷ್ಣಮೃಗಕ್ಕೆಂದೇ ಅಭಯಾರಣ್ಯವಾದ ಜಾಗ, ಒಳಗೆ ಹೊಕ್ಕರೆ ನೀಲಗಿರಿ ತೋಪು. ಆ ಎಲೆಯನ್ನು ಕೃಷ್ಣಮೃಗ ಮೇಯುವುದಿಲ್ಲ. ಬಯಲು ಬೇಡುವ ಎರ್ಲಡ್ಡು (ಗ್ರೇಟ್ ಇಂಡಿಯನ್ ಬಸ್ಟರ್ಡ್) ಹಕ್ಕಿಯೂ ಒಂದು ಕಾಲಕ್ಕೆ ಅಲ್ಲಿತ್ತು, ಈಗಿಲ್ಲ. ಸಸಿ ತಂದಾಗಿದ್ದರೆ ಶಾಲೆಯ ಅಂಗಳಕ್ಕೋ ರಸ್ತೆ ಬದಿಗೋ ಹಾಕಿ. ‘ಹಸಿರು ಕ್ರಾಂತಿ’ ಎಂದು ಬ್ಯಾನರ್ ಕಟ್ಟಿ ಕಾವಲಿನಲ್ಲಿ ಗುಂಡಿ ತೋಡಿಸುವವರಿಗೂ ಇದೇ ಉತ್ತರ.

ಪ್ರಶ್ನೆ: ಅಣಬೆ ನೆಲದಿಂದ ಏಳುತ್ತದೆ. ಅದೂ ಉತ್ಪಾದಕವೇ?

ಉತ್ತರ: ಅಲ್ಲ, ವಿಘಟಕ; ಸತ್ತದ್ದನ್ನು ಕೊಳೆಯಿಸಿ ಬದುಕುವಂಥದ್ದು.

ಪ್ರಶ್ನೆ: ಆಹಾರ ಸರಪಳಿಯಲ್ಲಿ ಒಂದು ಹಂತದಿಂದ ಮುಂದಿನ ಹಂತಕ್ಕೆ ಸರಿಯಾಗಿ ಶೇ 10ರಷ್ಟೇ ಶಕ್ತಿ ಹೋಗುತ್ತದೆಯೇ?

ಉತ್ತರ: ಅದು ಅಂದಾಜು, ಜೀವಿಯಿಂದ ಜೀವಿಗೆ ಬದಲಾಗುತ್ತದೆ. ಪರೀಕ್ಷೆಯಲ್ಲಿ ಮಾತ್ರ 10 ಎಂದೇ ಬರೆಯಿರಿ.

ಪ್ರಶ್ನೆ: ಹುಲ್ಲಿಗೆ ಬೆಂಕಿ ಕೊಟ್ಟರೆ ಚೆನ್ನಾಗಿ ಚಿಗುರುತ್ತದಂತೆ?

ಉತ್ತರ: ಚಿಗುರಬಹುದು. ಅದರೊಳಗಿನ ಮೊಟ್ಟೆ, ಮರಿಗಳು ಚಿಗುರುವುದಿಲ್ಲ. ಕಡ್ಡಿ ಗೀರಬೇಡಿ.

ಪ್ರಶ್ನೆ: ನರಿ ಯಾವ ಹಂತದ ಭಕ್ಷಕ? ನರಿಕೊಂಬು ಮನೆಯಲ್ಲಿಟ್ಟರೆ ಅದೃಷ್ಟವೇ?

ಉತ್ತರ: ಬಾರೆಹಣ್ಣು ತಿಂದಾಗ ಪ್ರಾಥಮಿಕ, ಇಲಿ ಹಿಡಿದಾಗ ದ್ವಿತೀಯ. ಇನ್ನು ಕೊಂಬು: ನರಿಗೆ ಕೊಂಬೇ ಇಲ್ಲ! ಜಾತ್ರೆಯಲ್ಲಿ ಮಾರುವವನು ಕೊಡುವುದು ಮೂಳೆ ಚೂರಿಗೆ ಸುತ್ತಿದ ಕೂದಲು, ಚರ್ಮ. ಅದು ನಿಜವಾಗಿಯೂ ನರಿಯದ್ದೇ ಆಗಿದ್ದರೆ 1972ರ ವನ್ಯಜೀವಿ ಕಾಯ್ದೆಯಡಿ ಮಾರಿದವನ ಜೊತೆ ಕೊಂಡವರೂ ಸಿಕ್ಕಿಬೀಳುತ್ತಾರೆ. ‘ಅಸಲಿಯೋ ನಕಲಿಯೋ ನೋಡಿ ಹೇಳಿ’ ಎಂದು ನನಗೆ ಫೋಟೊ ಕಳಿಸಬೇಡಿ.