ಮೈನಸ್ ಮೂವತ್ತರ ಚಳಿಯಲ್ಲಿ ಹಳೇ ಮನೆಯ ವೈರಿಂಗ್

ಅಣ್ಣಾ ಅಂತ ಕರೆದು ಕೇಳಿದ್ದೀಯ, ಹಾಗಾಗಿ ಏಕವಚನದಲ್ಲೇ ಬರೀತೀನಿ. ನೀನು ಮೂಡಿಗೆರೆ ಬಿಟ್ಟು ಕೆನಡಾದ ವಿನ್ನಿಪೆಗ್‌ಗೆ ಬಂದು ಆರು ತಿಂಗಳು. 1930ರ ಆಸುಪಾಸಿನ ಮನೆಯೊಂದು ಕೈಗೆಟುಕುವ ಬೆಲೆಗೆ ಸಿಗ್ತಿದೆ, ಆದರೆ 60 ಆಂಪ್ ಫ್ಯೂಸ್ ಬೋರ್ಡ್ ನೋಡಿ ಇನ್ಶೂರೆನ್ಸ್‌ನವರು ತಕರಾರು ತೆಗೆದಿದ್ದಾರೆ. ರೂಮಿಗೊಂದು ಹೀಟರ್ ಇಟ್ಟು ಚಳಿಗಾಲ ದಾಟಬಹುದಾ, ಊರಿಂದ ಮಿಕ್ಸಿ, ಗ್ರೈಂಡರ್ ತರಿಸಬಹುದಾ. ನಿನ್ನ ಪ್ರಶ್ನೆ ಇಷ್ಟು ತಾನೆ?

ನಮ್ಮ ಮಲೆನಾಡಿನಲ್ಲಿ ಕರೆಂಟಿಗೆ ನೀರೇ ಶತ್ರು. ಆಷಾಢದಲ್ಲಿ ಗೋಡೆ ಒಸರಿ ಸ್ವಿಚ್ ಬೋರ್ಡ್ ಜುಮ್ ಅನ್ನುತ್ತೆ, ಮರ ಬಿದ್ದು ಲೈನ್ ಹೋಗುತ್ತೆ. ಇಲ್ಲಿ ಹಾಗಲ್ಲ, ಐದು ತಿಂಗಳು ಬಿಡದೆ ಎಳೆಯುವ ಲೋಡ್ ಇಲ್ಲಿನ ಶತ್ರು. ಹತ್ತು ನಿಮಿಷ ತಡೆದುಕೊಳ್ಳುವ ಸಡಿಲ ಜಾಯಿಂಟ್ ಹತ್ತು ಗಂಟೆ ತಡೆಯೋದಿಲ್ಲ. ಕರೆಂಟ್ ಎರಡು ಪಟ್ಟಾದರೆ ತಂತಿಯ ಬಿಸಿ ನಾಲ್ಕು ಪಟ್ಟಾಗುತ್ತೆ. ಈ ಲೆಕ್ಕ ತಲೆಯಲ್ಲಿಟ್ಟುಕೊಂಡು ಆ ಮನೆ ನೋಡು.

60 ಆಂಪ್ ಅಂದರೆ 240 ವೋಲ್ಟ್‌ಗೆ 14,400 ವ್ಯಾಟ್. ಮೆಸ್ಕಾಂ ಮೀಟರಿನ ಎರಡು ಮೂರು ಕಿಲೋವ್ಯಾಟ್ ನೋಡಿದವರಿಗೆ ಅದು ಧಾರಾಳ ಅನ್ನಿಸುತ್ತೆ. ಆದರೆ ಇಲ್ಲಿ ಎಲೆಕ್ಟ್ರಿಕ್ ಒಲೆಗೇ 40 ಆಂಪ್ ಸರ್ಕ್ಯೂಟ್, ಬಟ್ಟೆ ಒಣಗಿಸುವ ಡ್ರೈಯರ್‌ಗೆ 30, ಅದರ ಮೇಲೆ ನೀರು ಕಾಯಿಸೋ ಟ್ಯಾಂಕ್. ಅದಕ್ಕೇ 100 ಆಂಪ್‌ಗಿಂತ ಕಡಿಮೆ ಇದ್ದರೆ ಇನ್ಶೂರೆನ್ಸ್‌ನವರು ಮುಖ ಸಿಂಡರಿಸೋದು. ನನ್ನ ಮಾತು ಕೇಳೋದಾದರೆ ಬದಲಿಸುವಾಗ 200ಕ್ಕೇ ಹೋಗು. ನಾಳೆ ಎಲೆಕ್ಟ್ರಿಕ್ ಕಾರು ತಂದರೆ ಮತ್ತೆ ಗೋಡೆ ಒಡೆಯೋದು ಬೇಡ.

ಇನ್ನು ಫ್ಯೂಸ್. ಊರಲ್ಲಿ ಫ್ಯೂಸ್ ಪದೇಪದೇ ಹೋದರೆ ದಪ್ಪ ತಂತಿ ಸುತ್ತಿ ಬಿಡ್ತಾರಲ್ಲ, ಅದೇ ಕೆಲಸ ಇಲ್ಲೂ ನಡೆದಿರುತ್ತೆ. ತಿರುಗಿಸಿ ಹಾಕುವ ಫ್ಯೂಸುಗಳಲ್ಲಿ 15, 20, 30 ಆಂಪ್ ಮೂರಕ್ಕೂ ಹಳೇ ಬೋರ್ಡಿನಲ್ಲಿ ಬುಡ ಒಂದೇ. ಹಿಂದಿನ ಮಾಲೀಕ 30 ಸಿಕ್ಕಿಸಿ ನೆಮ್ಮದಿಯಾಗಿ ಮಲಗಿರ್ತಾನೆ. ಫ್ಯೂಸ್ ಮೇಲಿನ ನಂಬರಲ್ಲ, ತಂತಿಯ ದಪ್ಪ ನೋಡಬೇಕು: ತಾಮ್ರದಲ್ಲಿ 14 ಗೇಜ್‌ಗೆ 15 ಆಂಪ್, 12ಕ್ಕೆ 20, 10ಕ್ಕೆ 30. ಗೇಜ್ ನಂಬರ್ ಕಡಿಮೆಯಾದಷ್ಟೂ ತಂತಿ ದಪ್ಪ, ಇದು ಮರೀಬೇಡ.

ಆ ಕಾಲದ ಮನೆಯಲ್ಲಿ ಒಂದೇ ವೈರಿಂಗ್ ಇರೋದು ಅಪರೂಪ, ಮೂರು ತಲೆಮಾರಿನದು ಒಟ್ಟಿಗಿರುತ್ತೆ. ಬೇಸ್‌ಮೆಂಟಿನ ಸೂರಿನ ತೊಲೆಗಳ ಮೇಲೆ ಬಿಳಿ ಪಿಂಗಾಣಿ ಗುಂಡಿ ಹೊಡೆದು, ಎರಡು ತಂತಿ ಬೇರೆಬೇರೆಯಾಗಿ ಎಳೆದಿದ್ದರೆ ಅದು ನಾಬ್ ಅಂಡ್ ಟ್ಯೂಬ್. ನಮ್ಮ ಹಳೇ ಮನೆಗಳ ರೀಪರ್ ವೈರಿಂಗಿನ ದೊಡ್ಡಣ್ಣ. ಅರ್ತ್ ಇರೋದಿಲ್ಲ. ತಂತಿಯ ಬಿಸಿ ಸುತ್ತಲಿನ ಗಾಳಿಗೆ ಹೋಗಲಿ ಅಂತಲೇ ಹಾಗೆ ಎಳೆದದ್ದು. ಆಮೇಲೆ ಬಂದವರು ಚಳಿಗೆ ಹೆದರಿ ಅಟ್ಟದ ತುಂಬ ಹತ್ತಿಯಂಥ ಇನ್ಸುಲೇಷನ್ ಸುರಿದಿದ್ದರೆ ತಂತಿ ಕಂಬಳಿ ಹೊದ್ದು ಬೇಯುತ್ತೆ. ಮನೆ ನೋಡಲು ಹೋದಾಗ ಅಟ್ಟ ಹತ್ತದೆ ಬರಬೇಡ.

1960ರ ದಶಕದ ಮಧ್ಯದಿಂದ ಹತ್ತು ಹನ್ನೆರಡು ವರ್ಷ ಅಲ್ಯೂಮಿನಿಯಂ ತಂತಿಯ ಕಾಲ. ಆಗ ಮನೆಗೆ ಒಂದು ರೂಮು ಸೇರಿಸಿದ್ದರೆ ಅಲ್ಲಿ ಸಿಗಬಹುದು. ಅಲ್ಯೂಮಿನಿಯಂ ಬಿಸಿಗೆ ತಾಮ್ರಕ್ಕಿಂತ ಹೆಚ್ಚು ಹಿಗ್ಗುತ್ತೆ, ಸ್ಕ್ರೂ ಅಡಿ ಹಿಸುಕಿ ಸಡಿಲವಾಗುತ್ತೆ, ಮೇಲೆ ಕಟ್ಟುವ ಆಕ್ಸೈಡ್ ಪದರ ಕರೆಂಟಿಗೆ ಅಡ್ಡ. ಪ್ಲಗ್‌ನ ಮುಚ್ಚಳ ಮುಟ್ಟಿದರೆ ಬೆಚ್ಚಗಿದೆಯಾ, ಲೈಟು ಮಿಣುಕುತ್ತಾ ನೋಡು. ಎಲ್ಲ ಕಿತ್ತು ಹಾಕಬೇಕಿಲ್ಲ. ಪ್ರತಿ ಪ್ಲಗ್, ಸ್ವಿಚ್ಚಿನ ಹತ್ತಿರ ಎರಡೂ ಲೋಹಕ್ಕೆ ಒಪ್ಪುವ ಕನೆಕ್ಟರ್ ಹಾಕಿ ಗೇಣುದ್ದ ತಾಮ್ರ ಜೋಡಿಸಿದರೆ ಸಾಕು. ಮಾಮೂಲಿ ಕನೆಕ್ಟರ್ ಸುತ್ತಿ ಬಿಟ್ಟರೆ ಮೊದಲಿಗಿಂತ ಕಡೆ.

ಅರ್ತ್ ವಿಚಾರ ಊರಿಗಿಂತ ಪೂರ್ತಿ ಬೇರೆ. ಅಲ್ಲಿ ಗುಂಡಿ ತೋಡಿ ಇದ್ದಿಲು, ಉಪ್ಪು ಹಾಕಿ ಬೇಸಿಗೆಯಲ್ಲಿ ನೀರು ಸುರೀತೀವಿ. ಇಲ್ಲಿ ನೆಲವೇ ಆರಡಿಯ ತನಕ ಹೆಪ್ಪುಗಟ್ಟುತ್ತೆ. ಹೆಪ್ಪುಗಟ್ಟಿದ ಮಣ್ಣಲ್ಲಿ ಕರೆಂಟ್ ಸರಿಯಾಗಿ ಹರಿಯೋದಿಲ್ಲ. ಹಳೇ ಮನೆಗಳಲ್ಲಿ ಬೀದಿಯಿಂದ ಬರುವ ಲೋಹದ ನೀರಿನ ಪೈಪಿಗೇ ಅರ್ತ್ ಕಟ್ಟಿರ್ತಾರೆ. ಆ ಪೈಪ್ ಬದಲಿಸಿ ಪ್ಲಾಸ್ಟಿಕ್ ಹಾಕಿದ್ದರೆ ಕ್ಲ್ಯಾಂಪ್ ನೋಡೋಕೆ ಚೆನ್ನಾಗಿರುತ್ತೆ, ಅರ್ತ್ ಇರೋದಿಲ್ಲ. ಮೂರು ಪಿನ್ನಿನ ಪ್ಲಗ್ ನೋಡಿ ನಂಬಬೇಡ. ಒಳಗೆ ನ್ಯೂಟ್ರಲ್‌ಗೇ ತುಂಡು ತಂತಿ ಕಟ್ಟಿ ಅರ್ತ್ ಅನ್ನಿಸಿರ್ತಾರೆ, ಮೂರು ದೀಪದ ಟೆಸ್ಟರ್ ಕೂಡ ಅದಕ್ಕೆ ಮೋಸ ಹೋಗುತ್ತೆ. ಅಡುಗೆಮನೆ, ಬಚ್ಚಲು, ಹೊರಗಿನ ಪ್ಲಗ್‌ಗಳಿಗೆ ಜಿಎಫ್‌ಸಿಐ, ಅಂದರೆ ಕರೆಂಟ್ ಸೋರಿದರೆ ತಕ್ಷಣ ಕಡಿಯುವ ಪ್ಲಗ್, ಹಾಕಿಸು. ಅದು ಹೋದ ಕರೆಂಟ್, ಬಂದ ಕರೆಂಟ್ ತಾಳೆ ನೋಡುತ್ತೆ, ಅರ್ತ್ ಇಲ್ಲದಿದ್ದರೂ ಕೆಲಸ ಮಾಡುತ್ತೆ. ಊರಲ್ಲಿ ಇದೇ ಕೆಲಸ ಮಾಡುವ ಆರ್‌ಸಿಸಿಬಿ ಸ್ವಿಚ್ 30 ಮಿಲಿಆಂಪ್ ಸೋರಿಕೆಗೆ ಬೀಳುವುದಾದರೆ ಇದು ಸುಮಾರು 5ಕ್ಕೇ.

ರೂಮಿಗೊಂದು ಹೀಟರ್ ಬೇಡ. 1500 ವ್ಯಾಟ್ ಹೀಟರ್ ಇಲ್ಲಿನ ಸಾದಾ ಪ್ಲಗ್‌ನ 120 ವೋಲ್ಟ್‌ನಲ್ಲಿ 12.5 ಆಂಪ್ ಎಳೆಯುತ್ತೆ. 15 ಆಂಪ್ ಸರ್ಕ್ಯೂಟಿಗೆ ಗಂಟೆಗಟ್ಟಲೆ ಹೊರಿಸಬಹುದಾದ್ದು 12. ಹಳೇ ಮನೆಯಲ್ಲಿ ಎರಡು ರೂಮು ಒಂದೇ ಫ್ಯೂಸಿನ ಮೇಲಿರುತ್ತೆ. ಮನೆಗೆಲ್ಲ ಬಿಸಿಗಾಳಿ ಕೊಡುವ ಗ್ಯಾಸ್ ಫರ್ನೇಸ್ ಸರಿಮಾಡಿಸು, ಕಿಟಕಿ ಸಂದು ಮುಚ್ಚಿಸು. ತೀರಾ ಬೇಕಾದರೆ ಒಂದೇ ಹೀಟರ್, ಕಡಿಮೆ ಸೆಟ್ಟಿಂಗಿನಲ್ಲಿ, ನೇರ ಗೋಡೆಯ ಪ್ಲಗ್‌ಗೆ.

ಕಾರಿನ ಎಂಜಿನ್ ಬೆಚ್ಚಗಿಡುವ ಬ್ಲಾಕ್ ಹೀಟರ್ ರಾತ್ರಿಯಿಡೀ ಉರಿಸಬೇಕಿಲ್ಲ, ಹೊರಡುವ ಮೂರು ಗಂಟೆ ಮೊದಲು ಟೈಮರ್ ಇಟ್ಟರೆ ಸಾಕು. ಹೊರಾಂಗಣಕ್ಕೆ ಅಂತಲೇ ಇರುವ, ಚಳಿಗೆ ಸೆಡೆಯದ 14 ಗೇಜ್ ಎಕ್ಸ್‌ಟೆನ್ಷನ್ ತಗೋ. ಸಾದಾ ವೈರಿನ ಹೊದಿಕೆ ಮೈನಸ್ ಮೂವತ್ತರಲ್ಲಿ ಬಗ್ಗಿಸಿದರೆ ಒಡೆಯುತ್ತೆ.

ಕರೆಂಟ್ ಹೋದರೆ ಗ್ಯಾಸ್ ಫರ್ನೇಸೂ ನಿಲ್ಲುತ್ತೆ, ಯಾಕಂದರೆ ಅದರ ಫ್ಯಾನ್ ಕರೆಂಟಿನದು. ಆಗ ಊರಿನ ಎಸ್ಟೇಟುಗಳಲ್ಲಿ ಮಾಡುವ ಹಾಗೆ ಜನರೇಟರ್ ವೈರನ್ನು ಪ್ಲಗ್ ಮೂಲಕ ಮನೆಗೆ ಕೊಡಬೇಡ. ಕರೆಂಟ್ ತಿರುಗಿ ಲೈನಿಗೆ ಹೋಗಿ ಕಂಬದ ಮೇಲಿರುವ ಲೈನ್‌ಮನ್ ಸಾಯ್ತಾನೆ. ಮನೆಯನ್ನು ಲೈನಿಂದ ಬಿಡಿಸಿ ಜನರೇಟರಿಗೆ ಸೇರಿಸುವ ಟ್ರಾನ್ಸ್‌ಫರ್ ಸ್ವಿಚ್ ಬೇಕೇ ಬೇಕು. ಜನರೇಟರ್ ಗ್ಯಾರೇಜಿನೊಳಗೂ ಬೇಡ. ಮನೆಯಿಂದ ಇಪ್ಪತ್ತಡಿ ಆಚೆ, ಒಳಗೆ ಕಾರ್ಬನ್ ಮಾನಾಕ್ಸೈಡ್ ಅಲಾರಂ.

ಹೊಗೆ ಅಲಾರಂ ಒಣಮೆಣಸಿನಕಾಯಿ ಒಗ್ಗರಣೆಗೆ ಕೂಗುತ್ತೆ ಅಂತ ಬ್ಯಾಟರಿ ಕೀಳಬೇಡ. ಬೆಳಕಿನಿಂದ ಹೊಗೆ ಗುರುತಿಸುವ ಫೋಟೋಎಲೆಕ್ಟ್ರಿಕ್ ಮಾದರಿ ತಂದು ಒಲೆಯಿಂದ ಹತ್ತಡಿ ದೂರ ಹಾಕು. ಹತ್ತು ವರ್ಷ ದಾಟಿದ ಅಲಾರಂ ಕೂಗಿದರೂ ಬದಲಿಸು.

ಊರಿನ ಮಿಕ್ಸಿ ವೋಲ್ಟೇಜ್ ಏರಿಸುವ ಟ್ರಾನ್ಸ್‌ಫಾರ್ಮರ್ ಮೇಲೆ ನಡೆಯುತ್ತೆ, ಆದರೆ 750 ವ್ಯಾಟ್ ಮಿಕ್ಸಿಗೆ ಕನಿಷ್ಠ 1500 ವ್ಯಾಟ್‌ನದು ಬೇಕು, ಅದೊಂದು ಕಲ್ಲುಗುಂಡು. ಗ್ರೈಂಡರ್ ಅಂತೂ ಬೇಡವೇ ಬೇಡ: ಅದರ ಮೋಟಾರು 50 ಹರ್ಟ್ಸ್‌ಗೆ ಮಾಡಿದ್ದು, ಇಲ್ಲಿನ 60ಕ್ಕೆ ಐದನೇ ಒಂದು ಭಾಗ ಜೋರಾಗಿ ತಿರುಗುತ್ತೆ, ಟ್ರಾನ್ಸ್‌ಫಾರ್ಮರ್ ಅದನ್ನು ಬದಲಿಸೋದಿಲ್ಲ. 110 ವೋಲ್ಟ್, 60 ಹರ್ಟ್ಸ್ ಮಾದರಿ ನಮ್ಮ ದೇಶದ ಕಂಪನಿಗಳೇ ಮಾಡ್ತಾರೆ, ಅದನ್ನು ಕೊಂಡುಕೋ. ಊರಿಂದ ಬರುವಾಗ ಪೆಟ್ಟಿಗೆಯ ಆ ಜಾಗದಲ್ಲಿ ಕಾಫಿಪುಡಿ ತಾ.